ಗದೆಯಣ್ಣನನ್ನು ನೋಡಲು ಹೋದದ್ದು

ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಯುದ್ಧ ಶುರುವಾಗುತ್ತದೆ. ಪಿಯುಸಿ ಓದುವ ಮಗ ಊಟ ಮುಗಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೆ ಒರಗಿ ಕೂತನೆಂದರೆ ಆಮೇಲೆ ಒಂದು ಗಂಟೆ ಅವನು ನಮ್ಮವನಲ್ಲ. "ಗದೆಯಣ್ಣ, ನೀವು ಮುಂದೆ ಹೋಗಿ", "ಮದ್ದಕ್ಕ, ನಂಗೆ ಸ್ವಲ್ಪ ಜೀವ ಕೊಡಿ", "ಕೊಡಲಿ ಎಲ್ಲೋ ಸತ್ತ?" ಎಂಬ ಮಾತುಗಳನ್ನು ಪಾತ್ರೆ ತೊಳೆಯುತ್ತಾ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಹುಡುಗರ ಆಟ, ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ.

ಒಂದು ರಾತ್ರಿ ಇಯರ್‌ಫೋನ್ ಕೆಟ್ಟಿತ್ತು. ಫೋನಿನ ಸ್ಪೀಕರಿನಿಂದ ದಪ್ಪನೆಯ ಗಂಡಸಿನ ದನಿ ಬಂತು. "ಮಗಾ, ನಾಳೆ ನಿಂಗೆ ಟೆಸ್ಟ್ ಅಂತಿದ್ದಲ್ಲ, ಸಾಕು ಆಫ್ ಮಾಡು." ಮಾತಿನಲ್ಲಿ ತಪ್ಪೇನಿರಲಿಲ್ಲ. ನಾನು ಹೇಳಬೇಕಾದ ಮಾತೇ ಅದು. ಆದರೂ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಯಾರೋ ಅದು?"

"ಗದೆಯಣ್ಣ. ಶಿರಾದವರು. ಫೋನ್ ರಿಪೇರಿ ಅಂಗಡಿ ಇದೆ."

"ವಯಸ್ಸೆಷ್ಟು? ನೀನು ನೋಡಿದ್ದೀಯಾ?"

"ದಿನಾ ನೋಡ್ತೀನಲ್ಲ" ಎಂದು ಮಗ ಫೋನು ತಿರುಗಿಸಿ ತೋರಿಸಿದ. ಪರದೆಯ ಮೇಲೆ ಹೆಬ್ಬೆರಳಿನಷ್ಟು ಉದ್ದದ ಒಬ್ಬ ವೀರ, ಮೈತುಂಬ ಕಬ್ಬಿಣದ ಕವಚ, ಹೆಗಲ ಮೇಲೆ ಗದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗನೊಡನೆ ದಿನಾ ಒಂದು ಗಂಟೆ ಮಾತಾಡುವ, ಅವನ ಟೆಸ್ಟ್ ಯಾವಾಗ ಎಂದು ಗೊತ್ತಿರುವ, ನಾನು ಮುಖವನ್ನೇ ನೋಡದ ಒಬ್ಬ ದೊಡ್ಡ ಮನುಷ್ಯ. ಪತ್ರಿಕೆಯಲ್ಲಿ ಏನೇನು ಓದುತ್ತೇವೋ ಎಲ್ಲ ನೆನಪಾಯಿತು. ಬೆಳಿಗ್ಗೆ ಆಟ ನಿಲ್ಲಿಸು ಎಂದು ಹೇಳಿಬಿಡಬೇಕು ಎಂದುಕೊಂಡೆ. ಬೆಳಿಗ್ಗೆ ಮಗನೇ ಬಂದು ಹೇಳಿದ, "ದಸರಾ ರಜೆಗೆ ಎಲ್ಲಾರೂ ಮಧುಗಿರಿ ಬೆಟ್ಟ ಹತ್ತೋಣ ಅಂತ ಮಾತಾಗಿದೆ. ಒಬ್ಬನೇ ಬರೋದಾದ್ರೆ ಬರಬೇಡ, ಅಮ್ಮನ್ನೋ ಅಪ್ಪನ್ನೋ ಕರ್ಕೊಂಡು ಬಾ ಅಂದಿದ್ದಾರೆ ಗದೆಯಣ್ಣ." ಸರಿ, ನಿಲ್ಲಿಸುವುದಾದರೂ ನೋಡಿಯೇ ನಿಲ್ಲಿಸೋಣ ಎಂದು ಹೊರಟೆ.

ಆಟದ ಹೆಸರು ಆಲ್ಬಿಯನ್ ಆನ್‌ಲೈನ್. ಜರ್ಮನಿಯ ಬರ್ಲಿನ್ನಿನ ಸ್ಯಾಂಡ್‌ಬಾಕ್ಸ್ ಇಂಟರಾಕ್ಟಿವ್ ಎಂಬ ಕಂಪನಿ ಮಾಡಿದ್ದು. 2017ರಲ್ಲಿ ಬಂತು, 2021ರಲ್ಲಿ ಫೋನಿಗೂ ಇಳಿಯಿತು. ಹಳೇ ಕಾಲದ ಕೋಟೆ, ಕಾಡು, ಗಣಿ, ಸಂತೆಗಳಿರುವ ಒಂದು ಕಲ್ಪನೆಯ ಸೀಮೆ. ಎಲ್ಲೆಲ್ಲಿಯದೋ ಸಾವಿರಾರು ಜನ ಒಂದೇ ಹೊತ್ತಿಗೆ ಅದರೊಳಗೆ ಓಡಾಡುತ್ತಿರುತ್ತಾರೆ. ಕತ್ತಿ, ಅಂಗಿ, ಜೋಡು ಎಲ್ಲವನ್ನೂ ಬಹುಮಟ್ಟಿಗೆ ಆಟಗಾರರೇ ಮಾಡಿ ಆಟಗಾರರಿಗೇ ಮಾರಬೇಕು. ಒಬ್ಬ ಮರ ಕಡಿದು ತರುತ್ತಾನೆ, ಇನ್ನೊಬ್ಬ ಅದಿರು ಅಗೆಯುತ್ತಾನೆ. ಸರಕು ಹೊರಲು ಎತ್ತು ಬೇಕೆಂದರೆ ಕರು ತಂದು ಸಾಕಿ ದೊಡ್ಡದು ಮಾಡಬೇಕು. "ಅಲ್ಲಿ ಕ್ಯಾರೆಟ್ ಬಿತ್ತಿದ್ರೆ ಮಾರನೇ ದಿನಾನೇ ಕೀಳಬಹುದು ಕಣಮ್ಮ" ಎಂದ ಮಗ. ರೈತನ ಮನೆಯಲ್ಲಿ ಹುಟ್ಟಿದ ನನಗೆ ಹೊಟ್ಟೆ ಉರಿಯಿತು.

ಈ ಆಟದಲ್ಲಿ ಯಾರೂ ಹುಟ್ಟಾ ವೀರರಲ್ಲ, ಹುಟ್ಟಾ ವೈದ್ಯರೂ ಅಲ್ಲ. ತೊಟ್ಟ ವೇಷವೇ ಪಾತ್ರ. ಗದೆ ಹಿಡಿದು ಕಬ್ಬಿಣದ ಕವಚ ತೊಟ್ಟರೆ ಮುಂದೆ ನಿಂತು ಎಲ್ಲರ ಏಟು ತಾನು ತಿನ್ನುವುದು ಕೆಲಸ. ಮಂತ್ರದ ಕೋಲು ಹಿಡಿದರೆ ಹಿಂದೆ ನಿಂತು ಗಾಯಗೊಂಡವರಿಗೆ ಜೀವ ತುಂಬುವುದು. ಬಿಲ್ಲು ಹಿಡಿದರೆ ದೂರದಿಂದ ಹೊಡೆಯುವುದು. ಮಗ ಬಿಲ್ಲು. ಇವರ ಗುಂಪಿನಲ್ಲಿ ಇದೇ ಎಲ್ಲರ ಹೆಸರಾಗಿದೆ. ಸೀಮೆಗೆ ಬಣ್ಣಗಳೂ ಇವೆ. ನೀಲಿ ಸೀಮೆಯಲ್ಲಿ ನಿಶ್ಚಿಂತೆ. ಕೆಂಪು, ಕಪ್ಪು ಸೀಮೆಗಳಲ್ಲಿ ಸತ್ತರೆ ಮೈಮೇಲಿದ್ದದ್ದೆಲ್ಲ ಹೋಯಿತು, ಗೆದ್ದವರು ಬಾಚಿಕೊಂಡು ಹೋಗುತ್ತಾರೆ. ಹಾಗಾಗಿ ಅಲ್ಲಿಗೆ ಹೋಗುವಾಗ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ದೊಡ್ಡ ಪ್ರಶ್ನೆ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟದ ಕಾಯ್ದೆ ಮಾಡಿದಾಗ "ನಿನ್ನ ಆಟವೂ ಬಂದ್ ಆಯ್ತಲ್ಲ" ಎಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ. ಅದು ದುಡ್ಡು ಕಟ್ಟಿ ಆಡುವ ರಮ್ಮಿಯಂಥ ಆಟಗಳಿಗೆ ಹಾಕಿದ ಕಡಿವಾಣ, ಇದಕ್ಕಲ್ಲ ಎಂದು ಆಮೇಲೆ ತಿಳಿಯಿತು. ಇಂಥ ಆಟವೂ ಮೊನ್ನೆ ಮೊನ್ನೆಯದಲ್ಲವಂತೆ. 1978ರಲ್ಲೇ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಚಿತ್ರವೇ ಇಲ್ಲದ, ಬರೀ ಅಕ್ಷರಗಳ ಇಂಥದೊಂದು ಸೀಮೆ ಕಟ್ಟಿದ್ದರು. ಅಂದರೆ ಈ ಆಟ ನನಗಿಂತ ದೊಡ್ಡದು.

ಇವರು ಐವರೂ ಒಬ್ಬರಿಗೊಬ್ಬರು ಸಿಕ್ಕಿದ್ದೂ ಒಂದು ಕಥೆ. ಹತ್ತಾರು ದೇಶದವರಿದ್ದ ಒಂದು ಗುಂಪು, ಮಾತೆಲ್ಲ ಅರ್ಧಂಬರ್ಧ ಇಂಗ್ಲಿಷು. ಒಂದು ರಾತ್ರಿ ಯುದ್ಧದ ನಡುವೆ ಒಬ್ಬ ಹುಡುಗಿ "ಅಯ್ಯೋ, ಕರೆಂಟ್ ಹೋಯ್ತು!" ಎಂದಳಂತೆ. ಒಂದು ಗಳಿಗೆ ಎಲ್ಲ ನಿಶ್ಶಬ್ದ. ಆಮೇಲೆ ನಾಲ್ಕು ಕಡೆಯಿಂದ ಒಟ್ಟಿಗೆ, "ನೀವು ಕನ್ನಡದವ್ರಾ?" ಊರು ಯಾವುದು ಎಂದು ವಿಚಾರಿಸಿದರೆ ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ. ಬೆಂಗಳೂರಿನ ನನ್ನ ಮಗನೊಬ್ಬನೇ ಹೊರಗಿನವನು.

ಶನಿವಾರ ಕತ್ತಲಿರುವಾಗಲೇ ಕಾರು ತೆಗೆದೆವು. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಕೊರಟಗೆರೆಯ ದಾರಿ. ಬೆಳಕು ಹರಿಯುತ್ತಿದ್ದಂತೆ ಎರಡೂ ಬದಿಗೆ ಅಡಿಕೆ ತೋಟ, ಹೂವಿನ ಹೊಲ, ಅವುಗಳ ಹಿಂದೆ ಬೋಳು ಬಂಡೆಯ ಬೆಟ್ಟಗಳು. ಬಸ್ ಸ್ಟ್ಯಾಂಡಿನಲ್ಲಿ "ಕೊಡಲಿ" ಕಾಯುತ್ತಿದ್ದ. ಆಟದಲ್ಲಿ ಹಗಲೂ ರಾತ್ರಿ ಮರ ಕಡಿದು ರಾಶಿ ಹಾಕುವವನು ಎಂದು ಕೇಳಿದ್ದ ನಾನು ಗಟ್ಟಿ ಆಳನ್ನು ಎಣಿಸಿದ್ದೆ. ಬಂದದ್ದು ಕಡ್ಡಿಯಂಥ ಹುಡುಗ, ಇನ್ನೂ ಮೀಸೆ ಮೂಡಿರಲಿಲ್ಲ. ಕೈಯಲ್ಲಿ ಬೇಯಿಸಿದ ಹಸಿ ಕಡಲೆಕಾಯಿಯ ಚೀಲ, ಇನ್ನೂ ಬಿಸಿ. "ಅಮ್ಮ ಕೊಟ್ಟವ್ರೆ ಆಂಟಿ" ಎಂದು ನನ್ನ ಮಡಿಲಿಗೇ ಇಟ್ಟ. ಮಗನೂ ಅವನೂ ಅರ್ಧ ನಿಮಿಷ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೊಂಡರು. ಎರಡು ವರ್ಷ ದಿನಾ ಮಾತಾಡಿದವರು! ಕಾರು ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕಿವಿ ಕಿತ್ತುಹೋಗುವಷ್ಟು ಗಲಾಟೆ.

ಆ ಹುಡುಗ ದಾರಿಯುದ್ದಕ್ಕೂ ಬೆಟ್ಟಗಳ ಹೆಸರು ಹೇಳಿದ. ಸಿದ್ದರಬೆಟ್ಟ, ಚನ್ನರಾಯನದುರ್ಗ. ಸಿದ್ದರಬೆಟ್ಟದಲ್ಲಿ ಗುಹೆಯೊಳಗೆ ಸಿದ್ದೇಶ್ವರ, ಅಲ್ಲೇ ನೀರಿನ ಒರತೆ, ಬೆಟ್ಟದ ತುಂಬ ಔಷಧಿ ಗಿಡಗಳು. ಅವನ ತಾತ ಅಲ್ಲಿಂದ ಬೇರು ಸೊಪ್ಪು ತರುತ್ತಿದ್ದರಂತೆ. "ಅವ್ರೂ ನನ್ ತರಾನೇ, ತರೋದೇ ಕೆಲ್ಸ, ಹೊಡ್ದಾಟ ಬ್ಯಾಡ" ಎಂದ.

ಕೊರಟಗೆರೆ ದಾಟಿ ಸ್ವಲ್ಪ ದೂರ ಹೋದರೆ ಮಧುಗಿರಿ ಬೆಟ್ಟ ಎದುರಿಗೆ ಎದ್ದುನಿಲ್ಲುತ್ತದೆ. ಇಡೀ ಬೆಟ್ಟ ಒಂದೇ ಕಲ್ಲು. ಸಾವನದುರ್ಗ ಬಿಟ್ಟರೆ ಏಷ್ಯಾದಲ್ಲಿ ಇದೇ ದೊಡ್ಡ ಏಕಶಿಲೆ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಎತ್ತರ ಸಮುದ್ರಮಟ್ಟದಿಂದ 3,900 ಅಡಿಗೂ ಹೆಚ್ಚು. ಪಾಳೇಗಾರ ಹಿರೇಗೌಡ ಕಟ್ಟಿದ ಮಣ್ಣಿನ ಕೋಟೆ ಮುಂದೆ ಮೈಸೂರು ಒಡೆಯರ ವಶವಾಗಿ, ಹೈದರಾಲಿಯ ಕಾಲದಲ್ಲಿ ಕಲ್ಲಿನದಾಯಿತು. ಬಂಡೆಯ ಮೈಮೇಲೆ ಗೋಡೆಗಳು ಹಾವಿನಂತೆ ಹರಿದಿವೆ. ಊರೊಳಗೆ ವೆಂಕಟರಮಣಸ್ವಾಮಿ, ಮಲ್ಲೇಶ್ವರ ದೇವಸ್ಥಾನಗಳು ಅಕ್ಕಪಕ್ಕದಲ್ಲೇ ಇವೆ. ಮೊದಲು ಅಲ್ಲಿ ಕೈಮುಗಿದು ಕೋಟೆಯ ಬಾಗಿಲಿಗೆ ಹೋದೆವು.

ಬಾಗಿಲ ಹತ್ತಿರ ಹಿಂದೆ ಎರಡು ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರ್ ನಿಂತಿತ್ತು. ಅದರ ಮೇಲೆ ಕೂತಿದ್ದವರು ನಲವತ್ತೈದರ ಆಸುಪಾಸಿನವರು. ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್. ಒಂದು ಕಾಲಿಗೆ ಕಬ್ಬಿಣದ ಪಟ್ಟಿಯ ಆಸರೆ. ಚಿಕ್ಕಂದಿನಲ್ಲಿ ಪೋಲಿಯೊ. ನಲವತ್ತು ಕಿಲೋಮೀಟರ್ ಸ್ಕೂಟರಿನಲ್ಲೇ ಬಂದಿದ್ದರು.

ಮಗ ಅವರನ್ನು ನೋಡಿ ನಿಂತಲ್ಲೇ ನಿಂತ. ಅವನಿಗೂ ಗೊತ್ತಿರಲಿಲ್ಲ.

ಅವರು ಮೊದಲು ಮಾತಾಡಿದ್ದು ನನ್ನನ್ನು. "ಅಕ್ಕ, ನೀವು ಬಂದಿದ್ದು ಒಳ್ಳೇದಾಯ್ತು. ಹುಡುಗ ಒಬ್ನೇ ಬಂದಿದ್ರೆ ಇಲ್ಲಿಂದ್ಲೇ ವಾಪಸ್ ಬಸ್ ಹತ್ತಿಸ್ತಿದ್ದೆ." ಆಮೇಲೆ ಮಗನ ಕಡೆ ತಿರುಗಿ, "ಏನ್ಲಾ ಬಿಲ್ಲು, ಇಷ್ಟುದ್ದ ಇದೀಯಾ? ದನಿ ಕೇಳಿದ್ರೆ ಸಣ್ಣ ಹುಡುಗ ಅನ್ಕೊಂಡಿದ್ದೆ." ಮಗ ಬಗ್ಗಿ ಅವರ ಕಾಲು ಮುಟ್ಟಿದ. ಮನೆಯಲ್ಲಿ ಹಬ್ಬದ ದಿನವೂ ಹೇಳಿಸಿಕೊಂಡು ಮುಟ್ಟುವವನು.

ಅಷ್ಟರಲ್ಲಿ ಉಳಿದಿಬ್ಬರೂ ಬಂದರು. ಮಧುಗಿರಿಯ ಹುಡುಗಿ ಬಸ್ ಸ್ಟ್ಯಾಂಡಿನ ಬಳಿ ಝೆರಾಕ್ಸ್, ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗುಂಪಿನಲ್ಲಿ ಅವಳು "ಕಹಳೆ". ಯಾರು ಯಾವಾಗ ನುಗ್ಗಬೇಕು, ಯಾವಾಗ ಓಡಬೇಕು ಎಂದು ಕೂಗಿ ಹೇಳುವವಳು. ದಿನವಿಡೀ ಜನರ ಆಧಾರ್ ಕಾರ್ಡು, ಪಹಣಿ ಜೆರಾಕ್ಸ್ ಮಾಡಿ ಮಾಡಿ ಮಾತು ಕಟ್ಟುನಿಟ್ಟು. ಪಾವಗಡದ "ಮದ್ದಕ್ಕ" ಕೊನೇ ವರ್ಷದ ಬಿ.ಎಸ್‌ಸಿ. ಓದುತ್ತಿದ್ದಾಳೆ. ಜೊತೆಗೆ ತಮ್ಮನನ್ನು ಕರೆತಂದಿದ್ದಳು. ಅವನಿಗೆ ಈ ಆಟವೆಂದರೆ ತಾತ್ಸಾರ, ಕ್ರಿಕೆಟ್ ಮಾತ್ರ.

ಗದೆಯಣ್ಣ ಹತ್ತಲಿಲ್ಲ. ಎಲ್ಲರ ಚೀಲ, ನೀರಿನ ಹೆಚ್ಚುವರಿ ಬಾಟಲಿ, ನನ್ನ ಕೈಚೀಲ ಎಲ್ಲ ಸ್ಕೂಟರಿನ ಮೇಲೆ ಪೇರಿಸಿಕೊಂಡು ಬೇವಿನ ನೆರಳಿಗೆ ಸರಿದರು. "ಅಲ್ಲಿ ದಿನಾ ನಾನೇ ಮುಂದೆ ಇರ್ತೀನಲ್ಲ, ಇವತ್ತು ನೀವು ಹೋಗ್ರಪ್ಪ" ಎಂದರು, ನಗುತ್ತಲೇ. ಹುಡುಗರು ಯಾರೂ ನಗಲಿಲ್ಲ.

ಮೊದಲ ಬಾಗಿಲವರೆಗೆ ಮೆಟ್ಟಿಲು ಸರಾಗ. ಆಮೇಲೆ ಬಂಡೆಯಲ್ಲೇ ಕಡಿದ ಸಣ್ಣ ಸಣ್ಣ ಕಚ್ಚುಗಳು, ಹಿಡಿದುಕೊಳ್ಳಲು ಅಲ್ಲಲ್ಲಿ ಕಬ್ಬಿಣದ ಕಂಬಿ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದೊಂದು ಹಂತಕ್ಕೂ ಹೆಸರು. ಅರ್ಧ ದಾರಿಯಲ್ಲಿ ಒಂದು ಕಡೆ ತಿರುಗಿ ಕೆಳಗೆ ನೋಡಿದೆ. ಅದೇ ತಪ್ಪಾಯಿತು. ಊರು ಬೆಂಕಿಪೊಟ್ಟಣಗಳ ಹಾಗೆ ಕಾಣಿಸಿತು, ಕಾಲು ಬಂಡೆಗೆ ಅಂಟಿಕೊಂಡಿತು. ಮುಂದೆ ಹೋಗಲಾರೆ, ಹಿಂದೆಯೂ ಬರಲಾರೆ. ಐವತ್ತರ ಹತ್ತಿರದ ಹೆಂಗಸು ಕಂಬಿ ಅಪ್ಪಿಕೊಂಡು ಕಣ್ಣು ಮುಚ್ಚಿ ಕೂತುಬಿಟ್ಟೆ.

ಆಗ ನಡೆದದ್ದನ್ನು ಮಾತ್ರ ನಾನು ಮರೆಯುವುದಿಲ್ಲ. ಕಹಳೆ ಮೇಲಿನಿಂದ ಒಂದೇ ಮಾತು ಕೂಗಿದಳು. "ಎಲ್ಲಾ ನಿಲ್ರಿ! ಕೊಡಲಿ ಕೆಳಗಿಳಿ, ಆಂಟಿ ಕಾಲ ಕೆಳಗೆ ನಿಂತ್ಕೊ. ಬಿಲ್ಲು, ಅಮ್ಮನ ಎಡಗೈ. ಮದ್ದಕ್ಕ, ನೀವು ಮಾತಾಡಿಸ್ತಾ ಇರಿ." ಯಾರೂ ಯಾಕೆ ಏನು ಎಂದು ಕೇಳಲಿಲ್ಲ. ಮೂವರೂ ಅವರವರ ಜಾಗಕ್ಕೆ ಬಂದರು. ಆ ಕಡ್ಡಿ ಹುಡುಗ ನನ್ನ ಪಾದ ಹಿಡಿದು ಒಂದೊಂದೇ ಕಚ್ಚಿನ ಮೇಲೆ ಇಡಿಸಿದ. ಮದ್ದಕ್ಕ ಮೆಲ್ಲಗೆ, "ನೋಡಬೇಡಿ ಆಂಟಿ, ನನ್ ಮುಖ ನೋಡಿ. ನಿಮ್ಮ ಮನೇಲಿ ಇವತ್ತು ಏನ್ ತಿಂಡಿ?" ಎಂದು ಕೇಳುತ್ತಲೇ ಹೋದಳು. ಹತ್ತು ನಿಮಿಷದಲ್ಲಿ ಮುರಿದ ಗೋಡೆಯ ನೆರಳಿನಲ್ಲಿ ಒಂದು ಸಮತಟ್ಟು ಜಾಗಕ್ಕೆ ತಂದು ಕೂರಿಸಿದರು. ಎರಡು ವರ್ಷ ರಾತ್ರಿ ಒಂಬತ್ತಕ್ಕೆ ಇವರು ಇದನ್ನೇ ಅಭ್ಯಾಸ ಮಾಡುತ್ತಿದ್ದರೋ ಏನೋ.

ನನಗೆ ಅಲ್ಲಿಗೆ ಸಾಕಾಯಿತು. ಮಿಕ್ಕವರು ಹತ್ತಿದರು. ಮದ್ದಕ್ಕ ನನ್ನ ಜೊತೆ ಉಳಿದಳು. "ಮೇಲೆ ಹೋಗಬೇಕು ಅಂತ ಅಷ್ಟು ದೂರದಿಂದ ಬಂದಿದ್ದೀಯ" ಎಂದೆ. "ಹೀಲರ್ ಹಿಂದೆ ಇರ್ಬೇಕು ಆಂಟಿ, ಅದೇ ಕೆಲಸ" ಎಂದಳು.

ಹಾಗೆ ಕೂತಾಗ ಅವಳ ಮನೆಯ ವಿಷಯ ಬಂತು. ಊರು ತಿರುಮಣಿ ಕಡೆ. ಪಾವಗಡದ ಸೋಲಾರ್ ಪಾರ್ಕ್ ಇರುವುದು ಅಲ್ಲೇ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ 13,000 ಎಕರೆ. ರೈತರಿಂದ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಮಳೆಯನ್ನೇ ನಂಬಿದ್ದ ಸೀಮೆ, ವರ್ಷಾನುಗಟ್ಟಲೆ ಬರ, ಹಾಗಾಗಿ ಅವಳ ಅಪ್ಪ ಖುಷಿಯಿಂದಲೇ ಸಹಿ ಹಾಕಿದರು. ಅವಳ ಓದೂ ಆ ದುಡ್ಡಿನಲ್ಲೇ. "ಆದ್ರೆ ತಾತ ಇದಾರಲ್ಲ" ಎಂದಳು. ಹೊಲ ಇಲ್ಲವೆಂದ ಮೇಲೆ ಎತ್ತು ಯಾಕೆ ಎಂದು ಮಾರಿದರು. ಅಂದಿನಿಂದ ತಾತ ಜಗಲಿ ಬಿಟ್ಟು ಏಳಲಿಲ್ಲ, ಮಾತೂ ಕಡಿಮೆ. ಒಂದು ಸಂಜೆ ಇವಳು ಫೋನಿನಲ್ಲಿ ಕರು ಸಾಕುತ್ತಿದ್ದದ್ದನ್ನು ಬಗ್ಗಿ ನೋಡಿದರಂತೆ. ಮಾರನೇ ದಿನ ತಾವೇ ಕೇಳಿದರು, "ದೂಡಕಿ ಮೇತ ವೇಸಿನಾವಾ?" ಕರುಗೆ ಮೇವು ಹಾಕಿದೆಯಾ ಎಂದು. ಪಾವಗಡದ ಕಡೆ ಮನೆಮಾತು ಬಹಳ ಕಡೆ ತೆಲುಗೇ. ಈಗ ದಿನಾ ಕೇಳುತ್ತಾರೆ. ಪರೀಕ್ಷೆಯಿದ್ದು ಆಟ ಆಡದ ದಿನವೂ ಅವರಿಗಾಗಿ ತೆರೆದು ಮೇವು ಹಾಕಿ ತೋರಿಸಬೇಕು.

ಮೇಲಿನಿಂದ ಕೂಗಾಟ ಕೇಳಿಸಿತು. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿಯಿದೆ. ಅಲ್ಲಿ ನಿಂತು ಕೆಳಗಿರುವ ಗದೆಯಣ್ಣನಿಗೆ ವಿಡಿಯೊ ಕಾಲ್ ಮಾಡುತ್ತಿದ್ದರಂತೆ. ಅವರು ಹುಟ್ಟಿದಾಗಿನಿಂದ ಈ ಬೆಟ್ಟ ನೋಡುತ್ತಿದ್ದರೂ ಮೇಲೆ ಏನಿದೆ ಎಂದು ನೋಡಿದ್ದು ಅವತ್ತೇ. ಫೋನನ್ನು ಒಂದು ಸುತ್ತು ನಿಧಾನವಾಗಿ ತಿರುಗಿಸು, ಅವಸರ ಮಾಡಬೇಡ ಎಂದು ಮೂರು ಸಲ ತಿರುಗಿಸಿದರಂತೆ.

ಇಳಿದ ಮೇಲೆ ಮುದ್ದೆ ಊಟ. ಗದೆಯಣ್ಣ ಎಲ್ಲರ ಬಿಲ್ಲು ಕೊಡಲು ಹೋದರು, ಕಹಳೆ ಜಗಳ ಮಾಡಿ ಲೆಕ್ಕ ಹಾಕಿ ಪಾಲು ಮಾಡಿದಳು. ಕೊಡಲಿ ತನ್ನ ಪಾಲು ಕಡಲೆಕಾಯಿಯಲ್ಲಿ ಬಂತು ಎಂದ. ಒಪ್ಪಿದರು. "ನಾಳೆ ಅಂಗಡಿಗೆ ಬರ್ಲೇಬೇಕು ಅಕ್ಕ" ಎಂದು ಹೇಳಿ ಅವರು ಸ್ಕೂಟರ್ ಹತ್ತಿದರು. ಅಕ್ಕ ತಮ್ಮನನ್ನು ಊರಿಗೆ ಬಿಡಲು ನಾವು ಪಾವಗಡದ ದಾರಿ ಹಿಡಿದೆವು.

ಮಿಡಿಗೇಶಿಯ ಬೆಟ್ಟಕೋಟೆ ದಾರಿಯ ಪಕ್ಕದಲ್ಲೇ ಕಾಣುತ್ತದೆ. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಒಬ್ಬ ಹೆಣ್ಣುಮಗಳ ಹೆಸರೇ ಊರಿಗೆ ಬಂತಂತೆ. ಮುಂದೆ ಸ್ವಲ್ಪ ದೂರ ಆಂಧ್ರ, ಮಡಕಶಿರಾ ಸೀಮೆ, ಆಮೇಲೆ ಮತ್ತೆ ಕರ್ನಾಟಕ. ಅಂಗಡಿ ಬೋರ್ಡುಗಳ ಲಿಪಿ ಬದಲಾಗಿ ಮತ್ತೆ ಬದಲಾಗುತ್ತದೆ, ಹೊಲ ಮಾತ್ರ ಅದೇ ಕೆಂಪು ನೆಲ, ಅದೇ ಕಡಲೆಕಾಯಿ. "ಇದು ಯಾವ ಬಣ್ಣದ ಸೀಮೆ?" ಎಂದು ಕೇಳಿದೆ. "ನೀಲಿ ಅಮ್ಮ, ಭಯ ಇಲ್ಲ" ಎಂದ ಮಗ. ನಾನೂ ಅವರ ಭಾಷೆ ಆಡಲು ಶುರು ಮಾಡಿದ್ದೆ.

ಸಂಜೆ ಬಿಸಿಲಿಗೆ ಸೋಲಾರ್ ಪಾರ್ಕ್ ನೋಡಬೇಕು. ಕಣ್ಣಿಗೆ ಎಟಕುವವರೆಗೂ ನೀಲಿ ಹಲಗೆಗಳು, ದೂರದಿಂದ ಕೆರೆ ತುಂಬಿದೆ ಎಂದೇ ಅನ್ನಿಸುತ್ತದೆ. ಹತ್ತಿರ ಹೋದರೆ ತಂತಿಬೇಲಿ. ತಾತ ಜಗಲಿಯಲ್ಲಿ ಕೂತಿದ್ದರು. ಬಂದ ನೆಂಟರಿಗೆ ತಲೆಯಾಡಿಸಿ, ಮೊಮ್ಮಗಳನ್ನು ಅದೇ ಪ್ರಶ್ನೆ ಕೇಳಿದರು. ಅವಳು ಚಪ್ಪಲಿ ಬಿಡುವ ಮೊದಲೇ ಫೋನು ತೆಗೆದು ಪಕ್ಕದಲ್ಲಿ ಕೂತಳು. ಪರದೆಯ ಮೇಲೆ ಕರು ಇತ್ತು, ಮೇವು ಬಿತ್ತು. ತಾತ ಬೆರಳಿಟ್ಟು ಏನೋ ಹೇಳಿದರು. "ಇದಕ್ಕೆ ಹಲ್ಲು ನೋಡಿ ತಂದೆಯಾ ಅಂತ ಕೇಳ್ತಾರೆ" ಎಂದು ಅವಳು ನಕ್ಕಳು. ಕ್ರಿಕೆಟ್ ತಮ್ಮ ಮುಖ ತಿರುಗಿಸಿಕೊಂಡ.

ಪಾವಗಡದಲ್ಲಿ ಲಾಡ್ಜ್ ಸಿಗುವುದು ಕಷ್ಟವಾಯಿತು. ಶನಿವಾರ, ಶನಿಮಹಾತ್ಮನ ಊರು! ದೇವಸ್ಥಾನದ ಸುತ್ತ ಎಳ್ಳೆಣ್ಣೆಯ ವಾಸನೆ, ಎಲ್ಲಿ ನೋಡಿದರೂ ಜನ. ರಾತ್ರಿ ಒಂಬತ್ತಾದಾಗ ಮಗ ಫೋನು ಮುಟ್ಟಲಿಲ್ಲ. ಎಲ್ಲರೂ ಸುಸ್ತಾಗಿರುತ್ತಾರೆ ಎಂದ.

ಭಾನುವಾರ ಬೆಳಿಗ್ಗೆ ಶಿರಾ. ಇವತ್ತು ಪುಣೆ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಇದು ಟೀ ಕುಡಿಯುವ ಊರು. ಒಂದು ಕಾಲದಲ್ಲಿ ರಾಜಧಾನಿ. ಕಸ್ತೂರಿ ರಂಗಪ್ಪನಾಯಕ ಕೋಟೆ ಹಾಕಿಸಿದ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳ ಕೈಗೆ ಹೋಯಿತು, 1687ರಿಂದ ಎಪ್ಪತ್ತು ವರ್ಷ ಮೊಘಲರ ಸುಬಾ. ಔರಂಗಜೇಬನ ಆಳ್ವಿಕೆಯ ತುದಿ ಇಲ್ಲಿಯವರೆಗೆ ಬಂದಿತ್ತು. 1651ರಲ್ಲಿ ಕಟ್ಟಿದ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ ಇನ್ನೂ ಗಟ್ಟಿಯಾಗಿ ನಿಂತಿವೆ. ಇಲ್ಲಿನ ಖಾನ್‌ಬಾಗ್ ತೋಟ ನೋಡಿಯೇ ಹೈದರಾಲಿಗೆ ಲಾಲ್‌ಬಾಗ್ ಮಾಡುವ ಆಸೆ ಬಂತೆನ್ನುತ್ತಾರೆ. ಗೋರಿಯ ಅಂಗಳದಲ್ಲಿ ನಾವಲ್ಲದೆ ಇನ್ನಿಬ್ಬರಿದ್ದರು, ಪರೀಕ್ಷೆಗೆ ಓದುತ್ತಿದ್ದ ಹುಡುಗರು.

ಗದೆಯಣ್ಣನ ಅಂಗಡಿ ನಾಲ್ಕು ಹೆಜ್ಜೆ ಅಗಲ. ಬಿಚ್ಚಿಟ್ಟ ಫೋನುಗಳು, ಬೆಸುಗೆಯ ಕಡ್ಡಿ, ಗೋಡೆಯ ಮೇಲೆ ಒಂದು ಹಳೇ ಗುಂಪಿನ ಫೋಟೊ. ಫೋಟೊದಲ್ಲಿ ಕಿರೀಟ, ಭುಜಕೀರ್ತಿ ಹಾಕಿಕೊಂಡ ಹದಿನೈದಿಪ್ಪತ್ತು ಜನ. ಅವರ ಹಳ್ಳಿಯಲ್ಲಿ ಆಡಿದ ಕುರುಕ್ಷೇತ್ರ ನಾಟಕ.

ತುಮಕೂರು ಸೀಮೆಯಲ್ಲಿ ಬೆಳೆದವರಿಗೆ ಕುರುಕ್ಷೇತ್ರ ಎಂದರೇನು ಎಂದು ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಊರಿನವರೇ ಸೇರಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿ ಆಡುವ ಪೌರಾಣಿಕ ನಾಟಕ. ಪಾತ್ರ ಬೇಕಾದವರು ತಾವೇ ದುಡ್ಡು ಕಟ್ಟಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಸೀನು, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ಹಗಲು ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವನು ರಾತ್ರಿ ದುರ್ಯೋಧನ. ಬೆಳಗಿನ ಜಾವದವರೆಗೂ ಊರಿಗೆ ಊರೇ ಎದುರಿಗೆ ಕೂತಿರುತ್ತದೆ. ಅದಕ್ಕೂ ಹಿಂದೆ ಮೂಡಲಪಾಯದ ಬಯಲಾಟ ಇತ್ತು, ಅಲ್ಲೂ ಇದೇ ಊರವರೇ ವೇಷ ಕಟ್ಟುತ್ತಿದ್ದದ್ದು.

"ಇದ್ರಲ್ಲಿ ನೀವೆಲ್ಲಿ?" ಎಂದು ಮಗ ಫೋಟೊ ನೋಡುತ್ತಾ ಕೇಳಿದ.

ಅವರು ಅಂಚಿಗೆ ಬೆರಳಿಟ್ಟರು. ಹಾರ್ಮೋನಿಯಂ ಪಕ್ಕ ಕೂತ ಸಣ್ಣ ಹುಡುಗ, ತಾಳ ಹಿಡಿದಿದ್ದಾನೆ. "ಭೀಮನ ಪಾತ್ರದ ಮಾತು, ಪದ ಎಲ್ಲಾ ಬಾಯಿಗೆ ಬರ್ತಿತ್ತು. ಭೀಮನ ವೇಷದೋನು ಮರ್ತ್ರೆ ನಾನೇ ಪಕ್ಕದಿಂದ ಹೇಳಿಕೊಡ್ತಿದ್ದೆ. ದುಡ್ಡೂ ಕೂಡಿಸಿದ್ದೆ ಒಂದು ವರ್ಷ. ಸ್ಟೇಜ್ ಮೇಲೆ ಕುಂಟ್ಕೊಂಡು ಬರೋ ಭೀಮನ್ನ ಜನ ನೋಡಿ ನಗ್ತಾರೆ, ಬ್ಯಾಡ ಅಂದ್ರು. ಅವರು ಹೇಳಿದ್ದೂ ಸುಳ್ಳಲ್ಲ." ಬಿಚ್ಚಿಟ್ಟ ಫೋನಿನ ತಿರುಪು ಬಿಗಿಮಾಡುತ್ತಲೇ ಹೇಳಿದರು, ನಮ್ಮ ಕಡೆ ನೋಡಲಿಲ್ಲ. "ಒಬ್ಬ ಹುಡುಗ ರಿಪೇರಿಗೆ ಕೊಟ್ಟ ಫೋನಲ್ಲಿ ಈ ಆಟ ಇತ್ತು. ಟೆಸ್ಟ್ ಮಾಡೋಣ ಅಂತ ತೆಗೆದೆ. ಯಾವ ಆಯುಧ ಬೇಕು ಅಂತ ಕೇಳ್ತು. ಗದೆ ಇತ್ತು."

ಆ ಹೊತ್ತಿಗೆ ಯಾರೋ ಚಾರ್ಜರ್ ಕೇಳಿಕೊಂಡು ಬಂದರು. ಅವರು ಹೋದ ಮೇಲೆ ಗದೆಯಣ್ಣ ತಾವು ನೋಡಿದ್ದ ಒಂದು ಸಾಕ್ಷ್ಯಚಿತ್ರದ ಕಥೆ ಹೇಳಿದರು. ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಹುಡುಗ. ಡುಶೆನ್ ಎಂಬ ಸ್ನಾಯುಗಳ ಕಾಯಿಲೆ, ಗಾಲಿಕುರ್ಚಿಯಲ್ಲೇ ಬದುಕು. 2014ರಲ್ಲಿ 25ನೇ ವಯಸ್ಸಿನಲ್ಲಿ ತೀರಿಕೊಂಡ. ಮಗ ಒಂಟಿಯಾಗಿ ಬದುಕಿ ಹೋದ ಎಂದು ತಂದೆತಾಯಿ ಕೊರಗಿದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದರೆ ದೇಶದೇಶಗಳಿಂದ ಕಾಗದಗಳು ಬರತೊಡಗಿದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇಂಥದೇ ಆಟದಲ್ಲಿ ಅವನು ಇಬೆಲಿನ್ ಎಂಬ ಹೆಸರಿನವನು. ಅಲ್ಲಿ ಎಷ್ಟೋ ಜನರ ಕಷ್ಟಕ್ಕೆ ಕಿವಿಯಾಗಿದ್ದ. ಅವನ ಗುಂಪಿನವರು ಬೇರೆ ಬೇರೆ ದೇಶಗಳಿಂದ ಅಂತ್ಯಕ್ರಿಯೆಗೆ ಬಂದರು. 2024ರಲ್ಲಿ ಎಲ್ಲರೂ ನೋಡುವ ಹಾಗೆ ಆ ಚಿತ್ರ ಬಂತು. "ಅವರಪ್ಪ ಅಮ್ಮನಿಗೆ ಮೊದ್ಲೇ ಗೊತ್ತಿದ್ದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು. ಅದಕ್ಕೇ ಅಕ್ಕ, ನಿಮ್ಮನ್ನ ಕರ್ಕೊಂಡು ಬಾ ಅಂದಿದ್ದು" ಎಂದರು.

ನಾನು ಬಂದದ್ದು ಅವರ ಮೇಲಿನ ಅನುಮಾನದಿಂದ ಎಂದು ಹೇಳಿಬಿಟ್ಟೆ. "ಅನುಮಾನ ಪಡ್ಬೇಕು ಅಕ್ಕ. ನಾಳೆ ಇನ್ನೊಬ್ಬ ಬಂದ್ರೂ ಪಡಿ. ನಮ್ ಗುಂಪಿಗೇ ಒಬ್ಬ ಸೇರ್ಕೊಂಡಿದ್ದ, ಹುಡುಗ್ರ ಫೋಟೊ ಕೇಳೋನು, ಅಡ್ರೆಸ್ ಕೇಳೋನು. ಕಹಳೆ ಅವತ್ತ್ ರಾತ್ರೀನೇ ಆಚೆ ಹಾಕಿದ್ಲು" ಎಂದರು. ಮಗ ಈ ಸಂಗತಿ ನನಗೆ ಹೇಳಿಯೇ ಇರಲಿಲ್ಲ. ಅವನ ಮುಖ ನೋಡಿದೆ, ಅವನು ಗೋಡೆಯ ಫೋಟೊ ನೋಡುತ್ತಿದ್ದ. ಆ ಮಾತನ್ನು ನಾವು ಕಾರಿನಲ್ಲಿ ಆಡಿದೆವು, ಬಹಳ ಹೊತ್ತು.

ಊಟಕ್ಕೆ ಅವರ ಮನೆಯಲ್ಲೇ ನಿಲ್ಲಿಸಿಕೊಂಡರು. ಅವರ ಹೆಂಡತಿಗೆ ನಮ್ಮ ಮಗನ ಪೂರ್ತಿ ಜಾತಕ ಗೊತ್ತಿತ್ತು, ಹಾಗಲಕಾಯಿ ತಿನ್ನುವುದಿಲ್ಲ ಎಂಬುದೂ. ಹೊರಡುವಾಗ ಸಂಜೆಯಾಯಿತು. ಹೆದ್ದಾರಿಯ ತುಂಬ ರಜೆ ಮುಗಿಸಿ ಬೆಂಗಳೂರಿಗೆ ಮರಳುವವರ ಕಾರು, ತುಮಕೂರಿಗೆ ಬರುವಷ್ಟರಲ್ಲಿ ಒಂಬತ್ತು. ನನ್ನ ಕಣ್ಣು ಎಳೆಯುತ್ತಿತ್ತು. ಮಗನ ಫೋನು ರಿಂಗಾಯಿತು, ಸ್ಪೀಕರಿಗೆ ಹಾಕಿದ.

"ಮನೆ ಮುಟ್ಟಿದ್ರಾ ಅಕ್ಕ?"

"ಇನ್ನೂ ತುಮಕೂರು."

"ಹಂಗಾದ್ರೆ ಇವತ್ತು ಆಟ ಬ್ಯಾಡ ಮಗಾ. ಅಮ್ಮಂಗೆ ನಿದ್ದೆ ಬರುತ್ತೆ, ಮಾತಾಡ್ಸ್ಕೊಂಡು ಹೋಗು. ಫೋನ್ ಇಡು."

ಮಗ ಫೋನು ಜೇಬಿಗೆ ಹಾಕಿ, ಕೊಡಲಿಯ ಚೀಲದಲ್ಲಿ ಉಳಿದಿದ್ದ ಕಡಲೆಕಾಯಿ ಸುಲಿದು ನನ್ನ ಕೈಗೆ ಕೊಡಲು ಶುರು ಮಾಡಿದ.